ಹಳೆಯ ಮಕ್ಕಳ ಪುಸ್ತಕ ಕೊಳ್ಳುವವರಿಗೆ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿ ಕಂಡರೆ ಗೈಡುಗಳನ್ನು ಸರಿಸಿ ತಳಕ್ಕೇ ಕೈ ಹಾಕಿ. ರಾಷ್ಟ್ರೋತ್ಥಾನದವರ ‘ಭಾರತ-ಭಾರತಿ’ಯ ಪುಟ್ಟ ಪುಸ್ತಕ ಸಿಕ್ಕರೆ ಬಿಡಬೇಡಿ. ಮಾಲೆಯಲ್ಲಿ 510 ಇವೆ. ಹುಡುಕಾಟ ಬೇಗ ಮುಗಿಯದು, ಮಜಾ ಇರುವುದೇ ಅಲ್ಲಿ. ಮಾಸ್ಕೋದ ರಾದುಗ ಪ್ರಕಾಶನದ ಬಣ್ಣದ ಪುಸ್ತಕಗಳೂ ಅಷ್ಟೆ: 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, ಆ ಮುದ್ರಣಗಳನ್ನು ಈಗ ಹಳೆ ಅಂಗಡಿಗಳಲ್ಲೇ ಹುಡುಕಬೇಕು.

ದುಡ್ಡು ಕೊಡುವ ಮುನ್ನ ನಡುಹಾಳೆ ತೆರೆದು ನೋಡಿ. ಪಿನ್ನಿಗೆ ತುಕ್ಕು ಹಿಡಿದರೆ ಮೊದಲು ಕಳಚಿಕೊಳ್ಳುವುದು ಅದೇ. ಯಾವುದೋ ಮಗು ರಾಜಕುಮಾರಿಗೆ ಮೀಸೆ ಬರೆದಿದ್ದರೆ ಚೌಕಾಸಿಗೆ ಅದನ್ನು ಬಳಸಿಕೊಳ್ಳಿ. ಮನೆಗೆ ತಂದ ಮೇಲೆ ಮಾತ್ರ ಅಳಿಸಬೇಡಿ! ಹರಿದ ಪುಟಕ್ಕೆ ಸೆಲೋಟೇಪ್ ಖಂಡಿತ ಬೇಡ, ವರ್ಷ ಕಳೆದಂತೆ ಅದರ ಅಂಟು ಕಂದು ಕಲೆಯಾಗುತ್ತದೆ. ತೆಳು ಕಾಗದ, ಚೂರು ಮೈದಾ ಅಂಟು ಸಾಕು.