ಧಾರವಾಡದಲ್ಲಿ ಹುಟ್ಟಿದ ಬಾಲೂ

ಸಂಜೆ ಆದರೆ ಸಾಕು, ನಮ್ಮ ಕುಪ್ಪೇಲೂರಿನ ಹುಡುಗರು ಬ್ಯಾಟು ಚೆಂಡು ಹಿಡಿದು ಓಡುತ್ತಾರೆ. ನಾವು ಬೈತೀವಿ, ಅವರು ಕೇಳೋದಿಲ್ಲ. ಅಕ್ಕಂದಿರೇ, ಈ ಆಟದಲ್ಲಿ ದೊಡ್ಡ ಹೆಸರು ಮಾಡಿದ ಒಬ್ಬರು ನಮ್ಮ ಧಾರವಾಡದಲ್ಲಿ ಹುಟ್ಟಿದವರು. ನಮ್ಮೂರೂ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇತ್ತಲ್ಲ!

ಅವರ ಹೆಸರು ಪಲ್ವಂಕರ್ ಬಾಲೂ. ಹುಟ್ಟಿದ್ದು ಸುಮಾರು 150 ವರ್ಷದ ಹಿಂದೆ. ಚಮ್ಮಾರ ಜಾತಿ. ಆಗ ಅವರನ್ನು ಯಾರೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ.

ಬಾಲೂ ಪುಣೆಯಲ್ಲಿ ಬ್ರಿಟಿಷರ ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿದರು. ಆಟದ ನೆಲಕ್ಕೆ ರೋಲರ್ ಎಳೆಯಬೇಕು, ಬಲೆ ಕಟ್ಟಬೇಕು. ತಿಂಗಳಿಗೆ 4 ರೂಪಾಯಿ ಸಂಬಳ. ಸಾಹೇಬರು ಬ್ಯಾಟು ಹಿಡಿದು ಅಭ್ಯಾಸ ಮಾಡುವಾಗ ಚೆಂಡು ಹಾಕಲು ಒಬ್ಬರು ಬೇಕಿತ್ತು. ಬಾಲೂ ನಿಂತರು. ಎಡಗೈಯಿಂದ ಚೆಂಡು ತಿರುಗಿಸಿ ಹಾಕುತ್ತಿದ್ದರು. ಗಂಟೆಗಟ್ಟಲೆ ಹಾಕಿ ಹಾಕಿ ಕೈ ಪಳಗಿತು. ಆದರೆ ಬ್ಯಾಟು ಮಾತ್ರ ಅವರ ಕೈಗೆ ಕೊಡಲಿಲ್ಲ.

ಆಗ ಧರ್ಮಕ್ಕೊಂದು ತಂಡ. ಪುಣೆಯ ಹಿಂದೂ ತಂಡದವರಿಗೆ ಸಾಹೇಬರನ್ನು ಸೋಲಿಸಬೇಕಿತ್ತು. ಬಾಲೂ ಅವರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟಿದ್ದು ಒಂದೇ ಚೆಂಡು. ಚಹಾ ಬಂತೋ, ಬಾಲೂ ಬೇರೆ! ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು. ಇವರಿಗೆ ಹೊರಗೆ ಮಣ್ಣಿನ ಕುಡಿಕೆ. ಊಟಕ್ಕೂ ಬೇರೆ ತಟ್ಟೆ, ಬೇರೆ ಮೇಜು. ಹೋಟೆಲಿನಲ್ಲಿ ಬೇರೆ ಲೋಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ದೂರದ ಅಮೆರಿಕದಲ್ಲೂ ಹೀಗೇ ಇತ್ತು. ಅಲ್ಲಿ ಬೇಸ್‌ಬಾಲ್ ಅಂತ ಒಂದು ಚೆಂಡಾಟ. ಕಪ್ಪು ಜನರನ್ನು ಬಿಳಿಯರ ದೊಡ್ಡ ತಂಡಗಳಿಗೆ ಸೇರಿಸುತ್ತಿರಲಿಲ್ಲ. ಚೆಂಡು ಎಸೆಯುವುದರಲ್ಲಿ ಸ್ಯಾಚೆಲ್ ಪೇಜ್ ಬಹಳ ಹೆಸರುವಾಸಿ. ಅವರಿಗೆ ಆ ಬಾಗಿಲು ತೆರೆದದ್ದು 1948ರಲ್ಲಿ. ಆಗ ಅವರಿಗೆ 42 ವರ್ಷ.

ಪುಣೆಯಲ್ಲಿ ಪ್ಲೇಗು ಬಂದಾಗ ಬಾಲೂ ಮುಂಬಯಿಗೆ ಹೋದರು. 1906ರಲ್ಲಿ ಅಲ್ಲಿ ಹಿಂದೂ ತಂಡ ಬಿಳಿಯರ ತಂಡವನ್ನು ಸೋಲಿಸಿತು. ಗೆಲುವಿನಲ್ಲಿ ಬಾಲೂ ಪಾಲು ದೊಡ್ಡದು. 1911ರಲ್ಲಿ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋದರು. ತಂಡ ಬಹಳ ಸಲ ಸೋತಿತು. ಬಾಲೂ ಒಬ್ಬರೇ 114 ವಿಕೆಟ್ ತೆಗೆದರು.

ಇಷ್ಟಾದರೂ ನಾಯಕನ ಪಟ್ಟ ಸಿಗಲಿಲ್ಲ. ಅವರ ತಮ್ಮಂದಿರು ಶಿವರಾಂ, ವಿಠಲ್ ಕೂಡ ಅದೇ ತಂಡದಲ್ಲಿ ಆಡುತ್ತಿದ್ದರು. 1920ರಲ್ಲಿ ಅವರಿಬ್ಬರೂ ಸಿಟ್ಟಾದರು. ಜಾತಿ ನೋಡಿ ನಾಯಕನನ್ನು ಆರಿಸುವುದಾದರೆ ನಾವು ಆಡೋದಿಲ್ಲ ಅಂತ ಹೊರಗೆ ಬಂದರು. ಆಮೇಲೆ ಬಾಲೂ ಉಪನಾಯಕರಾದರು, ಅಷ್ಟೇ.

1923ರಲ್ಲಿ ವಿಠಲ್ ಹಿಂದೂ ತಂಡದ ನಾಯಕರಾದರು. ತಂಡ ಗೆದ್ದಿತು. ಜನ ವಿಠಲ್ ಅವರನ್ನು ಹೆಗಲ ಮೇಲೆ ಹೊತ್ತರು. ಮುಟ್ಟಬಾರದು ಅಂದವರೂ ಹೊತ್ತರು. ಅಣ್ಣ ಬಾಲೂ ಅಷ್ಟೊತ್ತಿಗೆ ಆಟ ಬಿಟ್ಟಿದ್ದರು.