ನೀರಿನ ತೊಟ್ಟಿಯೂ ಅದರ ಸುತ್ತಲಿನ ಮೇವೂ

ಒಣ ಸೀಮೆಯಲ್ಲಿ ಒಂದು ಬಾವಿಯುಂಟಾದರೆ ಅಲ್ಲಿಯ ದನಕುರಿಗಳ ಸಂಕಟವು ತೀರಿತೆಂದು ಎಣಿಸುವದು ಸಹಜವೇ. ಆದರೆ ನೀರು ಬಂದಲ್ಲಿ ಮೇವು ಹೋಗುವದೂ ಉಂಟು. ಇದು ಹೇಗೆಂಬದನ್ನು ಆಸ್ಟ್ರೇಲಿಯಾ ಖಂಡದ ಕುರಿಯ ಸೀಮೆಗಳಿಂದ ವಾಚಕರಿಗೆ ವಿವರಿಸಲಿಚ್ಛಿಸುತ್ತೇವೆ.

ಆ ಖಂಡದ ಒಳನಾಡಿನ ಹೊಳೆಗಳು ವರುಷದ ಬಹುಭಾಗ ಬತ್ತಿರುತ್ತವೆ. ಆದರೂ ಖಂಡದ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚಿನ ನೆಲದ ಅಡಿಯಲ್ಲಿ, ಬಹು ಆಳದಲ್ಲಿ, ಒಂದು ದೊಡ್ಡ ಜಲರಾಶಿ ಇದೆ. 1878ರಲ್ಲಿ ಬರ್ಕ್ ಎಂಬ ಊರಿನ ಸೀಮೆಯಲ್ಲಿ ಕೊಳವೆ ಬಾವಿಯನ್ನು ಕೊರೆಯಲು ಆ ನೀರು ತಾನಾಗಿಯೇ ಮೇಲಕ್ಕೆ ಉಕ್ಕಿತು. ತರುವಾಯ ಇಂಥ ಬಾವಿಗಳು ಸಾವಿರಾರು ಆದವು. ಮಳೆ ಬಂದಾಗ ಮಾತ್ರ ಮೇಯಬಹುದಾಗಿದ್ದ ನೆಲದಲ್ಲಿ ಹಿಂಡುಗಳು ವರುಷವೆಲ್ಲಾ ನಿಂತವು.

ಬೇಸಿಗೆಯಲ್ಲಿ ಕುರಿಯು ದಿನಾಲು ನೀರಿಗೆ ಬರಲೇಬೇಕಾದದರಿಂದ ತೊಟ್ಟಿಯನ್ನು ಬಿಟ್ಟು ಸುಮಾರು 5 ಕಿಲೋಮೀಟರಿಗಿಂತ ದೂರ ಹೋಗುವದು ಅಪರೂಪ. ದನವು ಇದರ ಇಮ್ಮಡಿ ದೂರ ನಡೆಯಬಲ್ಲದು. ಈಗ ಲೆಕ್ಕವನ್ನು ನೋಡಿರಿ. ತೊಟ್ಟಿಯ ಸುತ್ತ 1 ಕಿಲೋಮೀಟರಿನೊಳಗೆ ಇರುವ ನೆಲವು 3 ಚದರ ಕಿಲೋಮೀಟರಿಗೆ ಸ್ವಲ್ಪ ಮೇಲು. 5 ಕಿಲೋಮೀಟರಿನೊಳಗೆ ಇರುವದು 78. ಆ 78ರಲ್ಲಿ ಎಲ್ಲಿ ಮೇದ ಕುರಿಯಾದರೂ ಆ 3ನ್ನು ತುಳಿದೇ ಬರಬೇಕು, ತುಳಿದೇ ಹೋಗಬೇಕು. ಮಳೆಯು ಸಮವಾಗಿ ಸುರಿದರೂ ಗೊರಸುಗಳು ಸಮವಾಗಿ ಬೀಳವು.

ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆರ್. ಟಿ. ಲ್ಯಾಂಗ್ ಎಂಬ ಸಸ್ಯಶಾಸ್ತ್ರಜ್ಞರು ಕುರಿಗಳ ಹಾದಿಗಳನ್ನೂ ಹಿಕ್ಕೆಗಳನ್ನೂ ಗಿಡಗಳನ್ನೂ ತೊಟ್ಟಿಯಿಂದ ದೂರಕ್ಕೆ ಅಳೆಯುತ್ತಾ ಹೋಗಿ, ಇಂಥ ವಲಯಕ್ಕೆ 1969ರಲ್ಲಿ ಗ್ರೀಕ್ ಭಾಷೆಯ ಕುಡಿಯುವಿಕೆಯ ಮಾತಿನಿಂದ ಪಯೋಸ್ಫಿಯರ್ ಎಂಬ ಹೆಸರನ್ನಿಟ್ಟರು. ತೊಟ್ಟಿಯ ಮಗ್ಗುಲಲ್ಲಿ ಬರಿಯ ಧೂಳು. ಅದರಾಚೆ, ನಮ್ಮಲ್ಲಿ ದನ ಮುಟ್ಟದ ಎಕ್ಕವು ಹಾಳುನೆಲದಲ್ಲಿ ಸೊಕ್ಕುವ ಹಾಗೆ, ಹಿಂಡುಗಳಿಗೆ ಬೇಡವಾದ ಮುಳ್ಳುಗಿಡಗಳು. ಉಪ್ಪುರುಚಿಯ ಸಾಲ್ಟ್‌ಬುಶ್ ಎಂಬ ಪೊದೆ, ಅಂದರೆ ಬರಗಾಲದಲ್ಲಿ ಕುರಿಯ ಜೀವವನ್ನು ಹಿಡಿದಿಡುವ ಮೇವು, ಇನ್ನೂ ಆಚೆಗೆ ವಿರಳವಾಗಿ ಕಾಣಿಸಿ ದೂರದಲ್ಲಿ ದಟ್ಟವಾಗುತ್ತದೆ. ವಿಚಿತ್ರವೇನಂದರೆ, ದೂರದಲ್ಲಿ ಮೇದದ್ದನ್ನು ಹಿಂಡುಗಳು ತೊಟ್ಟಿಯ ಬಳಿ ಗೊಬ್ಬರವಾಗಿ ಹಾಕುವದರಿಂದ ಅಲ್ಲಿಯ ಮಣ್ಣೇ ಹೆಚ್ಚು ಸಾರವುಳ್ಳದ್ದು. ಆದರೆ ಮೊಳಕೆಯನ್ನು ಗೊರಸು ಬಿಡದು.

ಇದು ಪಂಡಿತರ ಲೆಕ್ಕ ಮಾತ್ರವೆಂದು ತಿಳಿಯಬಾರದು. ಆಫ್ರಿಕದ ಸಾಹೆಲ್ ಸೀಮೆಯಲ್ಲಿ 1968ರಿಂದ 1973ರ ವರೆಗಿನ ಬರದಲ್ಲಿ ಆಳವಾದ ಕೊಳವೆ ಬಾವಿಗಳು ಬತ್ತದಿದ್ದರೂ ಅವುಗಳ ಸುತ್ತಲೇ ದನಗಳು ಗುಂಪುಗುಂಪಾಗಿ ಸತ್ತವು. ಅವುಗಳನ್ನು ಕೊಂದದ್ದು ದಾಹವಲ್ಲ, ಹಸಿವೆ. ನೀರಿರುವಲ್ಲಿ ಹುಲ್ಲಿರಲಿಲ್ಲ, ಹುಲ್ಲು ಉಳಿದಲ್ಲಿಗೆ ನಡೆದು ತಿರಿಗಿ ನೀರಿಗೆ ಬರುವಷ್ಟು ಬಲ ಅವುಗಳಿಗಿರಲಿಲ್ಲ.

ಹಾಗಾದರೆ ತೊಟ್ಟಿಗಳನ್ನು ಹೆಚ್ಚಿಸಿದರೆ ಗೊರಸಿನ ಭಾರವು ಹಂಚಿಹೋಗದೋ? ಹೋಗುವದು ನಿಜವೇ. ಆಸ್ಟ್ರೇಲಿಯಾದಲ್ಲಿ ಉಕ್ಕಿ ಹರಿದು ಪೋಲಾಗುತ್ತಿದ್ದ ನೀರನ್ನು ತಡೆದು ಕೊಳವೆಗಳಲ್ಲಿ ಸಾಗಿಸುವ ಕಾರ್ಯಕ್ಕೆ 1999ರಿಂದ ಸರಕಾರಗಳು ಹೆಚ್ಚು ಹಣವನ್ನು ಕೊಟ್ಟವು. ಇದರಿಂದ ಬೇಕಾದಲ್ಲಿ ತೊಟ್ಟಿಯನ್ನಿಡಬಹುದು. ನೆಲವು ಬಡವಾದಾಗ ನಲ್ಲಿಯನ್ನು ಮುಚ್ಚಿ ಹಿಂಡನ್ನು ಬೇರೆಡೆಗೆ ತಿರುಗಿಸಲೂ ಬಹುದು. ಈ ಎರಡನೆಯದೇ ನಮಗೆ ಹೆಚ್ಚಿನ ಲಾಭವಾಗಿ ತೋರುತ್ತದೆ. ಯಾಕಂದರೆ ಮೇತವನ್ನು ತಾಳದ ಕೆಲವು ಗಿಡಗಳು ನೀರಿಗೆ ದೂರವಾದ ನೆಲದಲ್ಲಿಯೇ ಉಳಿದಿರುತ್ತವೆ. ಎಲ್ಲೆಲ್ಲಿಯೂ ತೊಟ್ಟಿಗಳಾದರೆ ಅಂಥ ದೂರದ ನೆಲವೇ ಇರದು, ಅವುಗಳ ಬೀಜಕ್ಕೂ ತಾವಿರದು.