ಕಾಲೇಜಿನಲ್ಲಿ ಫ್ರೆಂಚ್ ಭಾಷಾಭ್ಯಾಸವೂ ಅದರ ಫಲವೂ

ಹತ್ತನೆಯ ತರಗತಿಯನ್ನು ಮುಗಿಸಿ ಕಾಲೇಜಿಗೆ ಹೊರಡುವ ನಮ್ಮ ಬಾಲಿಕೆಯರ ಮುಂದೆ ಪ್ರತಿವರ್ಷವೂ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಇಂಗ್ಲಿಷಿನ ಜೊತೆಗೆ ಎರಡನೆಯ ಭಾಷೆಯಾಗಿ ಯಾವುದನ್ನು ಆರಿಸಿಕೊಳ್ಳಬೇಕು? ಫ್ರೆಂಚ್ ತೆಗೆದುಕೊಂಡರೆ ಅಂಕಗಳು ಸುಲಭವಾಗಿ ಬರುವುವೆಂದು ಕೆಲವರು ಹೇಳುವರು. ಪರದೇಶದ ಭಾಷೆಯಿಂದ ನಮ್ಮ ಹುಡುಗಿಗೆ ಅನ್ನ ಹುಟ್ಟೀತೇ ಎಂದು ಕೆಲವು ತಾಯಿತಂದೆಗಳು ಶಂಕಿಸುವರು. ಈ ಎರಡು ಮಾತುಗಳನ್ನೂ ನಿಧಾನವಾಗಿ ವಿಚಾರಿಸಿ ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ.

ನಮ್ಮ ಸೀಮೆಗೂ ಫ್ರೆಂಚರಿಗೂ ನಂಟು ಹೊಸದಲ್ಲ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ಕಳುಹಿಸಿದ ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿ ದೊರೆಯ ಆಸ್ಥಾನವನ್ನು ಮುಟ್ಟಿದರು. ದೊಡ್ಡಬಳ್ಳಾಪುರದ ನೇಕಾರರು ಸೀರೆಯ ಅಂಚಿನಲ್ಲಿ ಹೂಬಳ್ಳಿ ಮೂಡಿಸಲು ಮಗ್ಗದ ಮೇಲೆ ಕಟ್ಟುವ ಜಕಾರ್ಡ್ ಯಂತ್ರವು ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಎಂಬುವನು 1804ರ ಸುಮಾರಿಗೆ ರೂಪಿಸಿದ್ದು. ಆ ಕೇರಿಗಳ ಮಕ್ಕಳು ಅರಿಯದೆಯೇ ದಿನವೂ ಒಂದು ಫ್ರೆಂಚ್ ಹೆಸರನ್ನು ನುಡಿಯುತ್ತಿರುವರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲಂತೂ ಪ್ಯಾರಿಸ್ ನಗರವು ನಮ್ಮ ಹೊಲಗಳಿಂದ ಒಂದು ರಾತ್ರಿಯ ಪ್ರಯಾಣದಷ್ಟು ಸಮೀಪವಾಗಿದೆ.

ಇನ್ನು ಭಾಷೆಯ ಸ್ವರೂಪವನ್ನು ನೋಡೋಣ. ನಾವು ಗೆಳತಿಗೆ ‘ನೀನು’ ಎಂದೂ ಹಿರಿಯರಿಗೆ ‘ನೀವು’ ಎಂದೂ ಹೇಳುವಂತೆ ಫ್ರೆಂಚರೂ ‘ತ್ಯು’ ಎಂದೂ ‘ವೂ’ ಎಂದೂ ಭೇದವೆಣಿಸುವರು. ಇಂದಿನ ಇಂಗ್ಲಿಷಿನಲ್ಲಿಲ್ಲದ ಈ ಮರ್ಯಾದೆಯು ಕನ್ನಡದ ಹುಡುಗಿಗೆ ಹೇಳಿಕೊಡದೆಯೇ ತಿಳಿಯುತ್ತದೆ. ಕಷ್ಟಗಳೂ ಇಲ್ಲದಿಲ್ಲ. ಕನ್ನಡದಲ್ಲಿ ಜಡವಸ್ತುಗಳೆಲ್ಲ ನಪುಂಸಕಲಿಂಗ. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಆದಕಾರಣ ಪ್ರತಿಯೊಂದು ನಾಮಪದವನ್ನೂ ಅದರ ಲಿಂಗಸೂಚಕ ಪದದೊಡನೆಯೇ ಬಾಯಿಪಾಠ ಮಾಡತಕ್ಕದ್ದು. ಎಂಬತ್ತನ್ನು ಅವರು ‘ನಾಲ್ಕು ಇಪ್ಪತ್ತು’ ಎಂದು ಎಣಿಸುವರು. ಬರೆದಂತೆ ಓದುವ ನಮ್ಮ ಅಭ್ಯಾಸವೂ ಅಲ್ಲಿ ಸಾಗದು. ‘ಪ್ಯಾರಿಸ್’ ಎಂಬುದರ ಕಡೆಯ ಅಕ್ಷರವನ್ನು ಬರೆಯುವರು, ಆದರೆ ‘ಪಾರಿ’ ಎಂದು ನುಡಿಯುವರು. ಪುಸ್ತಕವೊಂದನ್ನೇ ನಂಬಿದವಳಿಗೆ ಈ ಭಾಷೆಯು ಒಲಿಯುವುದಿಲ್ಲ. ದಿನವೂ ಅರ್ಧ ಗಂಟೆಯಾದರೂ ಕಿವಿಗೊಟ್ಟು ಕೇಳುವುದೂ ಬಾಯಿಬಿಟ್ಟು ಓದುವುದೂ ಅವಶ್ಯಕ.

ಉದ್ಯೋಗದ ವಿಷಯದಲ್ಲಿ ಎರಡು ಬಗೆಯನ್ನು ಬೇರ್ಪಡಿಸಬೇಕು. ಭಾಷಾಂತರ, ಅಧ್ಯಾಪನ, ಫ್ರೆಂಚ್ ಗ್ರಾಹಕರೊಡನೆ ಪತ್ರವ್ಯವಹಾರ, ಇವುಗಳಲ್ಲಿ ಭಾಷೆಯೇ ಕಸುಬು. ವಿಮಾನಶಿಲ್ಪ, ಲೆಕ್ಕಪತ್ರ, ಗಣಕಯಂತ್ರ, ಪ್ರವಾಸ, ಹೋಟೆಲು ಮುಂತಾದವುಗಳಲ್ಲಿ ಕಸುಬು ಬೇರೆ, ಭಾಷೆಯು ಅದಕ್ಕೆ ಬಲ. ಬೆಂಗಳೂರಿನಲ್ಲಿ ಏರ್‌ಬಸ್, ಸಫ್ರಾನ್, ಥಾಲೆಸ್, ಕ್ಯಾಪ್‌ಜೆಮಿನಿ ಮೊದಲಾದ ಸಂಸ್ಥೆಗಳ ಕಚೇರಿಗಳಿವೆ. ಅಲ್ಲಿಯ ಕೆಲಸವು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯುವುದರಿಂದ ಫ್ರೆಂಚ್ ಬಲ್ಲೆನೆಂಬ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ತನ್ನ ವಿದ್ಯೆಯಲ್ಲಿ ಗಟ್ಟಿಯಾದವಳಿಗೆ ಫ್ರೆಂಚೂ ಬಂದರೆ ಹತ್ತು ಮಂದಿಯಲ್ಲಿ ಅವಳು ಎದ್ದು ಕಾಣುವಳು. ಅಧ್ಯಾಪಕಿಯಾಗಲಿಚ್ಛಿಸುವವರಿಗೆ ಹೈದರಾಬಾದು, ದೆಹಲಿ, ಪುದುಚೇರಿಯ ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗಕ್ಕೆ ಅನುಕೂಲವುಂಟು. ಫ್ರಾನ್ಸಿಗೇ ಹೋಗಿ ಓದಬಯಸುವವರಿಗೆ ಕ್ಯಾಂಪಸ್ ಫ್ರಾನ್ಸ್ ಸಂಸ್ಥೆಯು ದಾರಿ ತೋರಿಸುತ್ತದೆ; ಷಾರ್ಪಾಕ್ ಎಂಬ ವಿದ್ಯಾರ್ಥಿವೇತನವೂ ಇದೆ.

ಹಾಗಾದರೆ ಎಷ್ಟು ಕಲಿತರೆ ಸಾಕು? ಡೆಲ್ಫ್ ಎಂಬ ಪರೀಕ್ಷೆಗೆ ಎ1, ಎ2, ಬಿ1, ಬಿ2 ಎಂಬ ನಾಲ್ಕು ಮೆಟ್ಟಿಲುಗಳು. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು, ಒಂದೊಂದಕ್ಕೆ 25 ಅಂಕ. ಒಟ್ಟು 50 ಬರಬೇಕು. ಯಾವುದರಲ್ಲಿಯೂ 5ಕ್ಕೆ ಕಡಮೆಯಾಗಕೂಡದು. ಒಮ್ಮೆ ಪಡೆದ ಪತ್ರಕ್ಕೆ ಕಾಲದ ಮಿತಿಯಿಲ್ಲ. ಸಂಬಳ ತರುವ ಕೆಲಸಕ್ಕೆ ಸಾಮಾನ್ಯವಾಗಿ ಬಿ2 ಬೇಕಾಗುತ್ತದೆ. ಅದಕ್ಕೆ ಸುಮಾರು 500ರಿಂದ 600 ಗಂಟೆಗಳ ಪಾಠ ಬೇಕೆಂದು ಎಣಿಸುವರು. ಕಾಲೇಜಿನಲ್ಲಿ ವಾರಕ್ಕೆ 4 ಗಂಟೆಯಂತೆ ವರ್ಷಕ್ಕೆ 30 ವಾರ ಪಾಠ ನಡೆದರೆ ಎರಡು ವರ್ಷಕ್ಕೆ 240 ಗಂಟೆ. ಅಂದರೆ ಪಿ.ಯು.ಸಿ. ಮುಗಿಸಿದಾಗ ಹುಡುಗಿಯು ಅರ್ಧ ದಾರಿಯಲ್ಲಿ ನಿಂತಿರುವಳು. ಅಲ್ಲಿಯೇ ಬಿಟ್ಟರೆ ಕಲಿತದ್ದು ಎರಡು ವರ್ಷದಲ್ಲಿ ಮರೆತುಹೋಗುತ್ತದೆ. ಅಂಕಪಟ್ಟಿಯ ಅಂಕವೊಂದೇ ಉಳಿಯುತ್ತದೆ. ಪದವಿಯ ಮೂರು ವರ್ಷವೂ ಬಿಡದೆ ಸಾಧಿಸಿದರೆ ಮಾತ್ರ ಫಲ ಕೈಗೆ ಬರುವುದು. ಬೆಂಗಳೂರಿನ ವಸಂತನಗರದಲ್ಲಿರುವ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆಯಲ್ಲಿ ಮುಂದಿನ ಪಾಠಗಳಿಗೆ ಏರ್ಪಾಡಿದೆ.

ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಸೇರಿಸುವ ಮೊದಲು ಆ ಕಾಲೇಜಿನಲ್ಲಿ ಅಕ್ಷರದಿಂದಲೇ ಪಾಠ ಆರಂಭಿಸುವರೋ, ಹಿಂದೆ ಕಲಿತವರನ್ನೇ ಮುಂದಿಟ್ಟುಕೊಂಡು ನಡೆಸುವರೋ ಎಂಬುದನ್ನು ವಿಚಾರಿಸಿರಿ. ಅಕ್ಷರದಿಂದ ಆರಂಭವಾಗುವ ತರಗತಿಯಲ್ಲಿ ಹೊಸಕೋಟೆಯ ಹಳ್ಳಿಯವಳೂ ಪಟ್ಟಣದವಳೂ ಒಂದೇ ಗೆರೆಯಿಂದ ಹೊರಡುವರು. ಕನ್ನಡದಲ್ಲಿ ಓದಿದವಳೆಂದು ಅಂಜಬೇಕಾದುದಿಲ್ಲ. ಅಂಕಕ್ಕಾಗಿ ಮಾತ್ರವೇ ಆದರೆ ಕನ್ನಡವನ್ನೇ ಓದಿಸುವುದು ಲೇಸು.

ಫ್ರೆಂಚನ್ನು ಆರಿಸಿಕೊಂಡ ಬಾಲಿಕೆಯರೂ ಮನೆಯಲ್ಲಿ ಕನ್ನಡದ ಓದನ್ನು ಬಿಡಕೂಡದು. ಏಕೆಂದರೆ ಭಾಷಾಂತರವೆಂಬುದು ಹೊಳೆ ದಾಟುವ ಕೆಲಸ. ದಾಟುವವಳಿಗೆ ಆಚೆಯ ದಡದಂತೆಯೇ ಈಚೆಯ ದಡದ ಗುರುತೂ ಚೆನ್ನಾಗಿರಬೇಕು. ಈಗಾಗಲೇ ಫ್ರೆಂಚ್ ಕಲಿತು ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದು ತಂಗಿಯರಿಗೆ ಒಂದು ದಿನ ಬುದ್ಧಿಮಾತು ಹೇಳಿದರೆ, ನಮ್ಮ ಈ ಬರಹಕ್ಕಿಂತ ಅದು ಹೆಚ್ಚಿನ ಉಪಕಾರವಾದೀತು.